ಕೊಯ್ಯಲು ನಾನು ಹೇಳಿರಲಿಲ್ಲ

ಕೊಯ್ಯಿ ಎಂದು ನಾನು ನಿನಗೆ ಹೇಳಿರಲಿಲ್ಲ, ಸುಧಾ. ವಿಚಾರಣೆಯ ದಿನ ಅಷ್ಟು ಜನ ಡಾಕ್ಟರುಗಳ ಎದುರು ಕೂತು 'ಹೇಳಿದ್ದೆ' ಎಂದೆನಲ್ಲ — ಅದು ಸುಳ್ಳು. ಸುಳ್ಳೆಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂರನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ನೀನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅದನ್ನು ನಾನು ಗುರುವಿನ ಮೇಲಿನ ಗೌರವ ಎಂದುಕೊಂಡು ಎಷ್ಟೋ ದಿನ ಒಳಗೊಳಗೇ ಹಿಗ್ಗಿದ್ದೆ ಎಂದರೆ ನೀನು ನಂಬುವುದಿಲ್ಲ. ನಂಬು. ನಾನು ಅಷ್ಟು ಕೆಳಗಿಳಿದಿದ್ದೆ.

ನಡೆದದ್ದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಹೇಳುತ್ತೇನೆ. ಯಾಕೆಂದರೆ ಇದನ್ನು ನಾನು ಒಂದು ಸಲವೂ ಸರಿಯಾಗಿ ಹೇಳಿಲ್ಲ. ನನಗೆ ನಾನೇ ಹೇಳಿಕೊಂಡಾಗಲೂ ಬೇಡದ ಜಾಗಗಳನ್ನು ಹಾರಿಸಿಕೊಂಡು ಹೋಗಿದ್ದೇನೆ.

ಅರಿವಳಿಕೆ ಕೊಡುವ ಡಾಕ್ಟರುಗಳಿಗೆ ದಾವಣಗೆರೆಯಲ್ಲಿ ನಾನು ವರ್ಷ ವರ್ಷ ತರಬೇತಿ ನಡೆಸುತ್ತಿದ್ದೆ. ಉಸಿರು ಕಟ್ಟಿದ ಮನುಷ್ಯನ ಬಾಯಿಯಿಂದ ಗಂಟಲಿಗೆ ಟ್ಯೂಬ್ ಇಳಿಸುವುದು ಹೇಗೆ, ಇಳಿಯದಿದ್ದರೆ ಮಾಸ್ಕಿನಿಂದ ಗಾಳಿ ಕೊಡುವುದು ಹೇಗೆ, ಅದೂ ಆಗದಿದ್ದರೆ — ಕೊನೆಯದಾಗಿ — ಕುತ್ತಿಗೆಯ ಮುಂದೆ, ಗಂಟಲ ಮಣಿಯ ಕೆಳಗಿನ ಮೆತ್ತನೆಯ ತಗ್ಗಿನಲ್ಲಿ ಕೊಯ್ದು ಅಲ್ಲಿಂದಲೇ ಉಸಿರು ಕೊಡುವುದು ಹೇಗೆ. ಟ್ಯೂಬ್ ಇಳಿಸಲು ಪ್ಲಾಸ್ಟಿಕ್ಕಿನ ಗೊಂಬೆಗಳಿದ್ದವು. ಕೊಯ್ಯುವುದಕ್ಕೆ ಗೊಂಬೆ ಸಾಲುತ್ತಿರಲಿಲ್ಲ. ಬ್ಲೇಡಿನ ಕೆಳಗೆ ನಿಜವಾದ ಮೆದು ಎಲುಬು, ನಿಜವಾದ ಪೊರೆ ಕೈಗೆ ಸಿಗಬೇಕು. ಅದಕ್ಕೇ ಮಟನ್ ಅಂಗಡಿಯಿಂದ ಕುರಿಯ ಗಂಟಲು ತರಿಸುತ್ತಿದ್ದೆವು.

ಆ ಮೇಜನ್ನು ತರಬೇತಿ ನಡೆಯುವ ಹಾಲಿನೊಳಗೆ ಇಡಲು ನಾನು ಬಿಡುತ್ತಿರಲಿಲ್ಲ. ಹೊರಗೆ ವರಾಂಡದಲ್ಲಿ, ಕೈ ತೊಳೆಯುವ ಜಾಗದ ಪಕ್ಕ ಹಾಕಿಸುತ್ತಿದ್ದೆ. ಅಲ್ಲಿ ನಿಂತು ಕೊಯ್ದು ತೋರಿಸುತ್ತಿದ್ದವನು ರಫೀಕ್. ನನ್ನ ಬಳಿಯೇ ಕಲಿತು, ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಡಾಕ್ಟರು. ನಾನು ಅವನ ಹಿಂದೆ ಕೈಕಟ್ಟಿ ನಿಂತು ವಿವರಣೆ ಕೊಡುತ್ತಿದ್ದೆ. ವಿವರಣೆಗೇನು ಕಡಿಮೆ! 'ಟ್ಯೂಬ್ ಇಳಿಯದಿದ್ದರೆ ಮತ್ತೆ ಮತ್ತೆ ಹೆಣಗಬೇಡಿ, ಬಾವು ಹೆಚ್ಚುತ್ತದೆ, ರಕ್ತ ಬರುತ್ತದೆ, ಮನುಷ್ಯ ನೀಲಿಯಾಗುವವರೆಗೆ ಕಾಯಬೇಡಿ, ಕೊಯ್ಯಿರಿ' — ಈ ಪಾಠವನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈ ಕಡೆ ಇಲ್ಲ ಎಂದು ನಾಲ್ಕು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ.

ನಮ್ಮಲ್ಲಿ ಇನ್ನೊಂದು ರೂಢಿಯೂ ಇತ್ತು. ಲಿಂಗ ಕಟ್ಟಿದ ಮನೆಗಳಿಂದ ಬಂದವರು, ಮಾಂಸ ಮುಟ್ಟದವರು ಆ ಮೇಜಿನ ಹತ್ತಿರ ಬಂದು ಸ್ವಲ್ಪ ಹಿಂಜರಿದರೆ ಸಾಕು, 'ನೋಡಿದ್ರೆ ಸಾಕು ಬಿಡ್ರಿ' ಎಂದು ನಾನೇ ಹೇಳಿಬಿಡುತ್ತಿದ್ದೆ. ಅವರು ಹಗುರವಾಗಿ ಒಳಗೆ ಹೋಗುತ್ತಿದ್ದರು. ಸಂಜೆ ಎಲ್ಲರಿಗೂ ಒಂದೇ ಸರ್ಟಿಫಿಕೇಟು.

ನೀನು ಬಂದ ವರ್ಷ ಗೊಂಬೆಯ ಮೇಲೆ ನಿನ್ನಷ್ಟು ಚಂದವಾಗಿ ಟ್ಯೂಬ್ ಇಳಿಸಿದವರು ಯಾರೂ ಇರಲಿಲ್ಲ. ವರಾಂಡಕ್ಕೆ ಬಂದಾಗ ನಿನ್ನ ಮುಖ ಸಣ್ಣಗಾಯಿತು. ರಫೀಕ್ ಬ್ಲೇಡು ಮುಂದೆ ಹಿಡಿದ.

"ನಮ್ಮವ್ವಗೆ ಗೊತ್ತಾದ್ರೆ ಮನಿಯೊಳಕ್ಕೆ ಸೇರ್ಸಲ್ಲ ಸರ್" ಎಂದು ನೀನು ನಕ್ಕೆ. ಆದರೆ — ಇದನ್ನೇ ನಾನು ಇಷ್ಟು ವರ್ಷ ಹಾರಿಸಿದ್ದು — ನಗುತ್ತಲೇ ನೀನು ಕೈ ಚಾಚಿದ್ದೆ. ಮೂಗು ಮುರಿದುಕೊಂಡೇ, ಗ್ಲೌಸ್ ಹಾಕಿದ ಕೈಯನ್ನು ಬ್ಲೇಡಿನ ಕಡೆ ಚಾಚಿದ್ದೆ. ನೀನು ಕೊಯ್ಯುವವಳೇ ಇದ್ದೆ.

"ಬ್ಯಾಡ ಬಿಡವ್ವ. ನಮ್ಮ ಮನಿ ಹುಡುಗಿ ಇದ್ದಂಗೆ ನೀನು. ನೋಡಿದ್ರೆ ಸಾಕು" ಎಂದುಬಿಟ್ಟೆ.

ರಫೀಕ್ ತಲೆ ಎತ್ತಿದ. "ಸರ್, ಎಲ್ರೂ ಒಂದ್ಸಲ ಕೊಯ್ಲಿ ಸರ್. ನೋಡಿದ್ರೆ ಬರೋದಲ್ಲ ಇದು."

"ಇರ್ಲಿ ಬಿಡಪ್ಪ. ಅಂಥ ಕೇಸು ಎಲ್ಲಿ ಬರ್ತಾವೆ" ಎಂದೆ ನಾನು. ನೀನು ಕೈ ಹಿಂದಕ್ಕೆ ತೆಗೆದುಕೊಂಡೆ. ಸರಸ್ವತಿ ನಗರದ ನಮ್ಮ ಮನೆಗೂ ನಿಮ್ಮ ಮನೆಗೂ ನಡುವೆ ಇರುವುದು ಒಂದೇ ಓಣಿ. ನಿಮ್ಮವ್ವನ ಎದುರು ನಾನು ಒಳ್ಳೆಯವನಾಗಿ ಉಳಿದೆ.

ಈ ಮಾತಿಗೆ ನಾನು ಧರ್ಮವನ್ನು ಅಡ್ಡ ತರುವುದಿಲ್ಲ. ನಿಮ್ಮವ್ವನನ್ನೇ ಕೇಳಿದ್ದರೆ, 'ಒಂದು ಜೀವ ಉಳಿಯುತ್ತೆ ಅಂದ್ರೆ ಮುಟ್ಟು, ಮನೆಗೆ ಬಂದು ಸ್ನಾನ ಮಾಡು' ಎನ್ನುತ್ತಿದ್ದರೋ ಏನೋ. ಯಾರೂ ಕೇಳಲಿಲ್ಲ. ಕೇಳದೆ ನಾನೇ ತೀರ್ಮಾನ ಮಾಡಿದೆ. ಯಾಕೆ ಮಾಡಿದೆ ಎನ್ನುವುದು ಇದಕ್ಕಿಂತ ಹೇಸಿಗೆಯ ಮಾತು. ನಾನೂ ಯಾವತ್ತೂ ಕೊಯ್ದಿರಲಿಲ್ಲ, ಸುಧಾ. ರೋಗಿಯ ಕುತ್ತಿಗೆ ಹಾಗಿರಲಿ, ಆ ಕುರಿಯ ಗಂಟಲನ್ನು ನಾನು ಬೆರಳಿನಿಂದಲೂ ಮುಟ್ಟಿರಲಿಲ್ಲ. ಅಷ್ಟು ವರ್ಷ ಕಲಿಸಿದವನು! ನಿನಗೆ ಕೊಟ್ಟ ವಿನಾಯಿತಿ ನಾನು ಮೊದಲೇ ನನಗೆ ಕೊಟ್ಟುಕೊಂಡಿದ್ದೆ. ನನ್ನಂಥವರು ಇನ್ನೂ ಕೆಲವರಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ನೀನು ಹರಿಹರದ ಆ ಖಾಸಗಿ ಆಸ್ಪತ್ರೆಗೆ ಸೇರಿದೆ. ನಂದಿಗುಡಿಯ ಹನುಮಂತಪ್ಪನವರು ಅಲ್ಲಿಗೆ ಬಂದದ್ದು ಹಲ್ಲಿನ ನಂಜಿಗೆ. ಭತ್ತದ ನಾಟಿ ಮುಗಿಯಲಿ ಎಂದು ನೋವು ತಡೆದುಕೊಂಡು ಕೂತಿದ್ದರಂತೆ. ಬರುವಷ್ಟರಲ್ಲಿ ದವಡೆಯ ಕೆಳಗೆಲ್ಲ ಬಾವು ಇಳಿದು ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕೀವು ತೆಗೆಯಬೇಕಿದ್ದ ಸರ್ಜನ್ ಇನ್ನೂ ದಾರಿಯಲ್ಲಿದ್ದರು. ಅವರು ತಲುಪುವ ಮೊದಲೇ ರೋಗಿಗೆ ಉಸಿರು ಕಟ್ಟಿತು. ನಾನು ಮಧ್ಯಾಹ್ನದ ಊಟ ಮುಗಿಸಿ ಫ್ಯಾನಿನ ಕೆಳಗೆ ಕೂತಿದ್ದೆ. ನಿನ್ನ ಫೋನು ಬಂತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದೆಯಂತೆ, ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. ಅದಕ್ಕೇ ನನ್ನ ಮಾತು ಬೇರೆ ಯಾರ ಕಿವಿಗೂ ಬೀಳಲಿಲ್ಲ.

"ಸರ್, ಟ್ಯೂಬ್ ಇಳೀತಿಲ್ಲ. ಮಾಸ್ಕಲ್ಲೂ ಗಾಳಿ ಹೋಗ್ತಿಲ್ಲ. ಕೊಯ್ಲಾ ಸರ್?"

ನಾನು ಎದ್ದು ಫ್ಯಾನು ಆರಿಸಿದೆ.

"ನಾನು ಕೊಯ್ದಿಲ್ಲ ಸರ್ — ಅವತ್ತು ನೀವು ಬ್ಯಾಡ ಅಂದ್ರಿ — ಎಲ್ಲಿ, ಹೆಂಗೆ ಅಂತ ಹೇಳ್ರಿ, ಕೊಯ್ತೀನಿ."

ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದು ಹನುಮಂತಪ್ಪನವರಲ್ಲ. ನಾನು. ಇವಳು ಕೊಯ್ದು, ಜಾಗ ತಪ್ಪಿ, ರಕ್ತ ಚಿಮ್ಮಿ, 'ಸರ್ ಫೋನಲ್ಲಿ ಹೇಳಿಕೊಟ್ಟರು' ಎಂದುಬಿಟ್ಟರೆ — ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ — ಆ ವರಾಂಡ, ಆ ಮೇಜು... ಪುಸ್ತಕದ ಮಾತನ್ನಾದರೂ ಹೇಳಬಹುದಿತ್ತು. ಗಂಟಲ ಮಣಿ ಹಿಡಿ, ಬೆರಳು ಕೆಳಕ್ಕೆ ಜಾರಿಸು, ತಗ್ಗು ಸಿಗುತ್ತೆ, ಅಲ್ಲೇ ಕೊಯ್ಯಿ. ಇಷ್ಟೇ. ಇಷ್ಟನ್ನು ಹೇಳುವ ಬದಲು ನಾನು ಹೇಳಿದ್ದು ಇದು:

"ಇನ್ನೊಂದ್ಸಲ ಟ್ಯೂಬ್ ಹಾಕಿ ನೋಡು."

ನೀನು ನನ್ನ ಮಾತು ಕೇಳಿದೆ. ಯಾವತ್ತೂ ಕೇಳುತ್ತಿದ್ದವಳಲ್ಲವೇ ನೀನು. ಇನ್ನೊಂದು ಸಲ ಹಾಕಿದೆ, ಮತ್ತೊಂದು ಸಲ. ರಕ್ತ ಬಂತು, ಬಾವು ಹೆಚ್ಚಿತು, ಕಾಣುತ್ತಿದ್ದಷ್ಟು ದಾರಿಯೂ ಮುಚ್ಚಿತು. ನಾನು ಮಾಡಬೇಡಿ ಎಂದು ವರ್ಷ ವರ್ಷ ಕಲಿಸಿದ್ದನ್ನೇ ನನ್ನ ಮಾತಿನಿಂದ ನೀನು ಮಾಡಿದೆ. ಸರ್ಜನ್ ಬಂದಾಗ ಹನುಮಂತಪ್ಪನವರು ಹೋಗಿಯಾಗಿತ್ತು.

ಹಾಗಾಗಿ ಕೊಯ್ಯಲು ಹೇಳಲಿಲ್ಲ ಎಂದರೂ ನಾನು ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಕೊಯ್ಯಲು ಹೊರಟವಳ ಕೈ ಹಿಡಿದು ನಿಲ್ಲಿಸಿದೆ.

ವಿಚಾರಣೆಗೆ ನನ್ನನ್ನು ಕರೆದದ್ದು ಸಾಕ್ಷಿಯಾಗಿ, ಆರೋಪಿಯಾಗಿ ಅಲ್ಲ. ಎಲ್ಲರೂ ಎದ್ದು ನಿಂತು ಕುರ್ಚಿ ಕೊಟ್ಟರು. ಅಧ್ಯಕ್ಷರು ಪ್ರಶ್ನೆಯನ್ನೂ ಮರ್ಯಾದೆಯಿಂದಲೇ ಕೇಳಿದರು: "ಕೊಯ್ಯೋಕೆ ನೀವು ಹೇಳಿರ್ತೀರಲ್ಲ ಸರ್?" ಉತ್ತರವನ್ನು ತಟ್ಟೆಯಲ್ಲಿಟ್ಟು ಕೊಟ್ಟಂತಿತ್ತು. ಎತ್ತಿಕೊಂಡೆ. "ಹೇಳಿದ್ದೆ." ನಿಮ್ಮ ತರಬೇತಿಯಲ್ಲಿ ಅದನ್ನು ಕಲಿಸಿದ್ದೀರಾ ಎಂದರು. "ಎಲ್ಲಾರಿಗೂ ಕಲಿಸ್ತೀವಿ" ಎಂದೆ. ನಾಲಗೆ ತಡವರಿಸಲೂ ಇಲ್ಲ. ನೀನು ಒಂದೇ ಒಂದು ಸಲ ನನ್ನ ಕಡೆ ನೋಡಿದೆ. ನಿನಗೇನಾದರೂ ಹೇಳುವುದಿದೆಯೇ ಎಂದು ಅವರು ಕೇಳಿದಾಗ "ಏನಿಲ್ಲ ಸರ್" ಎಂದೆ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನೀನು ನನಗಾಗಿ ನಾಚಿಕೊಂಡಂತೆ ಕಂಡಿತು.

ಹೊರಗೆ ಹನುಮಂತಪ್ಪನವರ ಹೆಂಡತಿ ಗಂಗಮ್ಮ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಎದ್ದರು.

"ನೀವು ಸರಿಯಾಗೇ ಹೇಳಿದ್ರಂತಲ್ರಿ ಡಾಕ್ಟ್ರೆ. ಆ ಯಮ್ಮ ನಿಮ್ಮ ಮಾತು ಕೇಳಿದ್ರೆ ನಮ್ಮನೆಯೋರು ಉಳೀತಿದ್ರು" ಎಂದು ಕೈ ಮುಗಿದರು. ನಾನು ತಲೆಯಾಡಿಸಿದೆ. ಆ ಹೆಣ್ಣುಮಗಳು ಮುಗಿದ ಕೈಯನ್ನು ಸ್ವೀಕರಿಸಿ ಕಾರು ಹತ್ತಿದೆ.

ತಪ್ಪು ನಿನ್ನದೇ ಎಂದು ತೀರ್ಮಾನವಾಯಿತು. ನೀನು ಅರಿವಳಿಕೆಯ ಕೆಲಸವನ್ನೇ ಬಿಟ್ಟೆ. ಲೋಕಿಕೆರೆಯಲ್ಲಿ ಸಣ್ಣ ಕ್ಲಿನಿಕ್ ಹಾಕಿಕೊಂಡು ಜ್ವರಕ್ಕೆ, ಕೆಮ್ಮಿಗೆ ಔಷಧಿ ಕೊಡುತ್ತೀಯೆಂದು ನಿಮ್ಮವ್ವನೇ ಹೇಳಿದರು. "ಹುಡುಗಿ ತಪ್ಪು ಮಾಡಿದ್ರೂ ನೀವು ನಮ್ಮ ಕೈ ಬಿಡ್ಲಿಲ್ಲ" ಎಂದರು. ಅವರ ಎದುರು ಕೂತು ಚಹಾ ಕುಡಿದೆ. ಆ ದಾರಿಯಲ್ಲಿ ಹೋದಾಗ ನಿನ್ನ ಬೋರ್ಡು ಕಂಡಿದೆ. ಇಳಿಯಲಿಲ್ಲ.

ಈಗ ಯಾಕೆ ಎಂದು ನೀನು ಕೇಳಬಹುದು. ನಾನು ನಿವೃತ್ತನಾದ ಮೇಲೆ ತರಬೇತಿಯನ್ನು ರಫೀಕ್ ನಡೆಸುತ್ತಾನೆ. ಈ ಸಲ ಉದ್ಘಾಟನೆಗೆ ನನ್ನನ್ನು ಕರೆದಿದ್ದ. ಹೋದೆ — ಹಾರ, ಶಾಲು ಎಂದರೆ ಹೋಗುವವನೇ ನಾನು. ಕುರಿಯ ಗಂಟಲಿನ ಮೇಜು ಹಾಲಿನ ನಟ್ಟನಡುವೆ ಇತ್ತು. ಕೊಯ್ಯದವರಿಗೆ ಸರ್ಟಿಫಿಕೇಟು ಇಲ್ಲವೆಂದು ರಫೀಕ್ ಮೊದಲೇ ಹೇಳಿಬಿಟ್ಟಿದ್ದ. ಆಮೇಲೆ ಎಲ್ಲರ ಎದುರು ಬ್ಲೇಡನ್ನು ನನಗೇ ಕೊಟ್ಟು "ಶುರು ಮಾಡ್ರಿ ಸರ್" ಎಂದ. ಗೊತ್ತಿದ್ದು ಕೊಟ್ಟನೋ, ಗೌರವಕ್ಕೆ ಕೊಟ್ಟನೋ, ನಾನು ಕೇಳಿಲ್ಲ. ಗ್ಲೌಸ್ ಹಾಕಿಕೊಂಡೆ. ಬೆರಳು ಜಾರಿಸಿದೆ, ತಗ್ಗು ಸಿಕ್ಕಿತು, ಒತ್ತಿದೆ. ಪೊರೆ ಬಿಟ್ಟುಕೊಟ್ಟಿತು. ಅಷ್ಟೇ, ಸುಧಾ. ಸೋರೆಕಾಯಿಯ ಸಿಪ್ಪೆ ದಾಟಿದಷ್ಟೇ. ಕಲಿಯಲು ಬಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟಕ್ಕೆ ಒಬ್ಬ ಮನುಷ್ಯ ಸತ್ತನೇ, ಇಷ್ಟಕ್ಕೆ ನಿನ್ನ ಬಾಳು ಲೋಕಿಕೆರೆಯ ಒಂದು ಕೋಣೆಗೆ ಇಳಿಯಿತೇ ಎಂದು ಅಲ್ಲೇ ಕೂತುಬಿಟ್ಟೆ. ನೀರು ತಂದುಕೊಟ್ಟರು.

ಹೋದ ವಾರ ನಂದಿಗುಡಿಯ ಬಸ್ಸು ಹತ್ತಿದೆ. ಗಂಗಮ್ಮ ನನ್ನ ಗುರುತು ಹಿಡಿದರು. "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿ ನೀರು ಕೊಟ್ಟರು. ನೀರು ಕುಡಿಯುವ ಮೊದಲೇ ಹೇಳಿದೆ. ನಿನಗೆ ಇಲ್ಲಿ ಹೇಳಿದಷ್ಟನ್ನೂ, ಏನನ್ನೂ ಹಾರಿಸದೆ. ಅವರು ಬೈಯುತ್ತಾರೆ, ಓಣಿಯವರನ್ನು ಕೂಗಿ ಕರೆಯುತ್ತಾರೆ ಎಂದುಕೊಂಡಿದ್ದೆ. ಕರೆದಿದ್ದರೆ ಒಳ್ಳೆಯದಿತ್ತು.

"ದಿನಾ ದೀಪ ಹಚ್ಚುವಾಗ ಆ ಹುಡುಗಿ ಮನಿ ಹಾಳಾಗ್ಲಿ ಅಂತ ಬೇಡ್ಕಂಡೀನಲ್ರಿ" ಎಂದರು. "ಆಕಿಗೆ ಮಕ್ಳು ಅದಾವೇನ್ರಿ?"

ಒಬ್ಬಳು ಮಗಳಿದ್ದಾಳೆ ಎಂದೆ.

"ಚೆನ್ನಾಗೈತೇನ್ರಿ ಕೂಸು?"

ಚೆನ್ನಾಗಿದೆಯಂತೆ ಎಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಗಂಡನಿಗಾಗಿ ಅಲ್ಲ, ನಿನ್ನ ಮಗಳಿಗಾಗಿ. ಆಮೇಲೆ, ನಿನ್ನನ್ನೇ ಕಂಡು ಕೇಳಬೇಕೆಂದು ನಿನ್ನ ಊರು, ಕ್ಲಿನಿಕ್ಕಿನ ದಾರಿ ಕೇಳಿದರು. ಹೇಳಿದೆ. "ನಿಮಗೆ ಏನನ್ಬೇಕು ನನಗೆ ತಿಳೀತಿಲ್ಲ. ನೀವು ಹೋಗ್ರಿ" ಎಂದರು. ಎದ್ದು ಬಂದೆ.

ವಿಚಾರಣೆಗೆ ಕೂತಿದ್ದವರನ್ನೂ ಕಂಡು ಹೇಳಿದ್ದೇನೆ. ಮುಗಿದುಹೋದದ್ದನ್ನು ಈಗ ಯಾಕೆ ಕೆದಕುತ್ತೀರಿ ಎಂದರು ಅಧ್ಯಕ್ಷರು. ಮುಗಿದಿಲ್ಲ ಎಂದೆ. ಡಾಕ್ಟರುಗಳ ಸಭೆಯಲ್ಲಿ, ನನಗೆ ಶಾಲು ಹೊದಿಸಿದವರ ಎದುರೇ ಹೇಳುತ್ತೇನೆ. ಇವತ್ತು ಸಂಜೆ ನಿಮ್ಮವ್ವನ ಮನೆಗೆ ಹೋಗುತ್ತೇನೆ. ನಿನ್ನಿಂದ ನಾನು ಏನನ್ನೂ ಕೇಳುತ್ತಿಲ್ಲ. ಕ್ಷಮಿಸು ಎಂದು ಕೇಳುವುದು ಕೂಡ ನಿನ್ನ ತಲೆಗೆ ಇನ್ನೊಂದು ಭಾರ ಹೊರಿಸಿದಂತೆ.

ಒಂದು ಮಾತು ಮಾತ್ರ ನಿನಗೆ ಬೇಗ ಮುಟ್ಟಬೇಕು. ಗಂಗಮ್ಮ ನಿನ್ನ ಹತ್ತಿರ ಬರುತ್ತಾರೆ. ಹೊರಗೆ ಬೆಂಚಿನ ಮೇಲೆ ರೋಗಿಗಳ ನಡುವೆ ಅವರನ್ನು ಕಂಡು ನೀನು ಹೆದರಬೇಡ, ಹಿಂದಿನ ಬಾಗಿಲಿನಿಂದ ಹೋಗಬೇಡ. ಅವರು ಜಗಳಕ್ಕೆ ಬರುತ್ತಿಲ್ಲ. ಅವತ್ತು ಫೋನಿನಲ್ಲಿ ನಾನು ಏನು ಹೇಳಿದೆ ಎಂದು ನಿನ್ನ ಬಾಯಿಂದಲೇ ಕೇಳಬೇಕೆಂದು ಬರುತ್ತಿದ್ದಾರೆ. ಹೇಳಿಬಿಡು.