ನಾನು ಲೂಸಿಡ್ ಅಂತೆ

ಈ ವಯಸ್ಸಿನಲ್ಲಿ ಸಿಗುವ ಕಾಂಪ್ಲಿಮೆಂಟುಗಳೇ ವಿಚಿತ್ರ. ಒಂದು ಕಾಲದಲ್ಲಿ ನನ್ನನ್ನು ಲವ್ಲಿ ಎಂದವರಿದ್ದರು. ಮೊನ್ನೆ ಡಾಕ್ಟರೊಬ್ಬರು ಮರೆವಿನ ಪರೀಕ್ಷೆಗೆಂದು ಗಡಿಯಾರದ ಚಿತ್ರ ಬರೆಸಿ, ಇವತ್ತು ಯಾವ ವಾರ ಎಂದೆಲ್ಲ ಕೇಳಿ, ನನ್ನ ಮಗಳು ಸುಮಾಗೆ ಹೇಳಿದರು: "ಡೋಂಟ್ ವರಿ, ಆಂಟಿ ಈಸ್ ಪರ್ಫೆಕ್ಟ್‌ಲಿ ಲೂಸಿಡ್."

ನನ್ನ ಅಪರಾಧ ಇಷ್ಟೇ. ಮಯೂರ್ ವಿಹಾರದ ಮನೆಗೆ ಬರಲು ಯಮುನಾ ಬ್ಯಾಂಕಿನಲ್ಲಿ ಮೆಟ್ರೋ ಬದಲಿಸಬೇಕಿತ್ತು, ಬದಲಿಸಲಿಲ್ಲ. ಎದುರು ಸೀಟಿನಲ್ಲಿ ಗಂಡಹೆಂಡತಿ, ದಿಲ್ಲಿಯಲ್ಲಿ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ, ಕನ್ನಡದಲ್ಲಿ ಜಗಳವಾಡುತ್ತಿದ್ದರು.

"ನನ್ನ ಬಿಸಿಬೇಳೆಬಾತ್ ತಿನ್ನೋಕೆ ನಿಮ್ಮಮ್ಮ ನಾಳೆ ನೆಂಟರನ್ನೆಲ್ಲ ಕರ್ದಿದ್ದಾರೆ. ಅವತ್ತು ಅವ್ರು ತಿಂದಿದ್ದು ಹೋಟೆಲಿಂದು ಅಂತ ಇವತ್ತೇ ಹೇಳ್ಬಿಡಿ."

"ನಾನ್ಯಾಕೆ ಹೇಳ್ಲಿ? ಹೊಗಳಿದಾಗ ನಾಚ್ಕೊಂಡಿದ್ದು ನೀನು."

ಇಂಥ ಜಾಗದಲ್ಲಿ ಎದ್ದು ಹೋಗುವುದುಂಟೆ? ಘಾಜಿಯಾಬಾದಿನ ಕೊನೆಯ ಸ್ಟೇಷನ್ನಿನವರೆಗೂ ಹೋದೆ.

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದ್ದೇ ಎಡವಟ್ಟಾಯಿತು. ಸುಮಾ ಪೂರ್ತಿ ಕೇಳಲೂ ಇಲ್ಲ, ನನ್ನ ಮೆಟ್ರೋ ಕಾರ್ಡನ್ನು ತನ್ನ ಪರ್ಸಿಗೆ ಸೇರಿಸಿಕೊಂಡಳು. "ಡಾಕ್ಟರ್ ಓಕೆ ಅನ್ನಲಿ ಅಮ್ಮ, ಆಮೇಲೆ ಓಡಾಡು." ಕಾರ್ಡಿಲ್ಲದೆ ನಾನು ಬಾಲ್ಕನಿಯ ತುಳಸಿ ಗಿಡವಾದೆ. ಹೊತ್ತುಹೊತ್ತಿಗೆ ನೀರು ಸಿಗುತ್ತದೆ, ಅಷ್ಟೇ.

ಲೂಸಿಡ್ ಎಂಬುದು ಲ್ಯಾಟಿನ್ ಮೂಲದ್ದು, ಬೆಳಕಿನ ಮನೆತನದ ಪದ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಮ್ಮ ರುಚಿ ಅದರ ದೂರದ ದಾಯಾದಿ ಎಂಬುದನ್ನು ಆಮೇಲೆ ಡಿಕ್ಷನರಿಯಲ್ಲಿ ಕಂಡುಕೊಂಡೆ. ಸಂಸ್ಕೃತದಲ್ಲಿ ರುಚಿಯೆಂದರೆ ಹೊಳಪೂ ಹೌದು. ಸಿಸ್ಟರ್ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಬುದ್ಧಿ ಕೆಟ್ಟವರಿಗೆ ನಡುನಡುವೆ ತಲೆ ತಿಳಿಯಾಗುವ ಹೊತ್ತನ್ನು ಇಂಗ್ಲಿಷಿನ ಹಳೆಯ ವಕೀಲರು ಲೂಸಿಡ್ ಇಂಟರ್ವಲ್ ಎನ್ನುತ್ತಿದ್ದರು. ಅಂದರೆ ಕತ್ತಲೆಯ ಗುಮಾನಿ ಇದ್ದವರಿಗಷ್ಟೇ ಈ ಬೆಳಕಿನ ಬಿರುದು. ಮೂವತ್ತರ ಹುಡುಗಿಯನ್ನು ಲೂಸಿಡ್ ಎಂದು ಹೊಗಳಿದವರನ್ನು ನಾನಂತೂ ಕಂಡಿಲ್ಲ.

ಡಾಕ್ಟರ ಬಳಿಯಿಂದ ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ಸುಮಾ. ಫ್ಲೈಓವರ್ ಹತ್ತಿದ ಮೇಲೆ ಮೆಲ್ಲಗೆ ಕೇಳಿದಳು:

"ಅಚ್ಛಾ ಅಮ್ಮ, ಆ ಬಿಸಿಬೇಳೆಬಾತ್ ಏನಾಯ್ತು ಕೊನೆಗೆ?"

ಹೇಳತೊಡಗಿದೆ. ಹೆಂಡತಿ ಅತ್ತದ್ದು, ಗಂಡ ಕರ್ಚೀಫ್ ಕೊಟ್ಟದ್ದು, ಇಳಿಯುವಾಗ ಅವನು, "ನಾಳೆನೂ ಅಲ್ಲಿಂದಲೇ ತರ್ತೀನಿ, ಒಗ್ಗರಣೆ ಮಾತ್ರ ನೀನು ಹಾಕು" ಎಂದದ್ದು. ಸುಮಾ ಸ್ಟಿಯರಿಂಗ್ ತಟ್ಟಿಕೊಂಡು ನಕ್ಕಳು. ಮಯೂರ್ ವಿಹಾರದ ತಿರುವು ಹಿಂದೆ ಉಳಿದದ್ದನ್ನು ನಾನು ನೋಡಿದೆ. ಕಥೆ ಮುಗಿದಿರಲಿಲ್ಲವಲ್ಲ, ಹೇಳಲಿಲ್ಲ.

ನೋಯ್ಡಾದ ಬೋರ್ಡು ಎದುರಾದಾಗ ಅವಳು ಬ್ರೇಕ್ ಹಾಕಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ನಾನು ಕಿಟಕಿಯಾಚೆ ನೋಡುತ್ತ, "ಇವತ್ತು ಯಾವ ವಾರ ಹೇಳು ನೋಡೋಣ" ಎಂದೆ.

ಅವಳು ಪರ್ಸಿನಿಂದ ಕಾರ್ಡು ತೆಗೆದು ನನ್ನ ಮಡಿಲಿಗೆ ಹಾಕಿ, ಯೂ ಟರ್ನ್ ಎಲ್ಲಿದೆಯೆಂದು ಹುಡುಕತೊಡಗಿದಳು.