ಕುದುರೆಗೆ ಹಾಕಿದ ಬೂಸ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ ಬಿಡಿ. ಮೂಗು ನನ್ನದು, ಕೋಪವೂ ನನ್ನದು. ಆದರೆ ಮಾಲೂರಿನ ಆ ಕುದುರೆ ತೋಟದಲ್ಲಿ ನಾಲ್ಕು ದಿನ ನಾನು ಪಟ್ಟ ಕೋಪ ಯಾರ ಮೇಲೆ ಪಡಬೇಕಿತ್ತು, ಯಾರ ಮೇಲೆ ಪಟ್ಟೆ ಎನ್ನುವುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ನಾನು ಕೋಲಾರದಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ವಯಸ್ಸು ಐವತ್ತೊಂದು. ಹುಟ್ಟಿದ್ದು ಕ್ಯಾಲನೂರಿನ ಕಡೆ, ಆರು ಹಸು ಕಟ್ಟಿದ್ದ ಮನೆಯಲ್ಲಿ. ಹಸು ನನಗೆ ಗೊತ್ತು. ಕುದುರೆಯ ಮೇಲೆ ಮಾತ್ರ ಚಿಕ್ಕಂದಿನಿಂದ ಆಸೆ. ಸಂತೆಗೆ ಬಂದಾಗ ಜಟಕಾ ಕುದುರೆ ಕಂಡರೆ ಅಲ್ಲೇ ನಿಂತುಬಿಡುತ್ತಿದ್ದೆ, ಅಪ್ಪ ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಹಾಗಾಗಿ ಮಾಲೂರಿನಿಂದ ಶಿವಾರಪಟ್ಟಣಕ್ಕೆ ಹೋಗುವ ಕಡೆ ಒಂದು ತೋಟದಲ್ಲಿ ನಾಲ್ಕು ದಿನದ ಕುದುರೆ ಸವಾರಿ ಶಿಬಿರ ಇದೆ ಎಂದು ಗೊತ್ತಾದಾಗ ಯಾರನ್ನೂ ಕೇಳದೆ ರಜೆ ಹಾಕಿದೆ.

"ಈ ವಯಸ್ಸಲ್ಲಿ ಕುದುರೆನಾ?" ಎಂದರು ನಮ್ಮನೆಯವರು. "ಸೊಂಟ ಮುರ್ಕೊಂಡು ಬಂದ್ರೆ ನಾನು ಬೇಯಿಸಿ ಹಾಕಲ್ಲ ಕಣೇ, ಈಗಲೇ ಹೇಳಿದ್ದೀನಿ."

"ಸೊಂಟ ನೆಟ್ಟಗಿದ್ದಾಗ ಬೇಯಿಸಿ ಹಾಕಿದ್ದು ಅಷ್ಟರಲ್ಲೇ ಇದೆ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ.

ಹೆಸರಿಗೆ ಶಿಬಿರ, ಆದರೆ ಅದು ದುಡಿಯುವ ತೋಟವೇ. ಎಂಟು ಕುದುರೆ, ಹದಿನೈದು ಸೀಮೆಹಸು, ರಾಗಿ ಹೊಲ, ಹಸಿರು ಹುಲ್ಲಿನ ಮಡಿ. ಬಂದವರೂ ಕೆಲಸ ಮಾಡಬೇಕು. ಲಾಯ ಗುಡಿಸಬೇಕು, ಕುದುರೆಯ ಮೈ ಉಜ್ಜಬೇಕು, ಮೂರನೇ ದಿನ ಕುದುರೆ ಮೇಲೆ ಕೂತು ಹಸುಗಳನ್ನು ಕೆರೆಯ ಬಯಲಿಗೆ ಹೊಡೆದುಕೊಂಡು ಹೋಗಬೇಕು. ಬೆಂಗಳೂರಿನಿಂದ ಬಂದಿದ್ದ ಆರೇಳು ಜನ ಸಗಣಿ ಬಾಚುವ ಮೊದಲು ಅದರ ಫೋಟೋ ತೆಗೆದರು. ಸಗಣಿಯ ಫೋಟೋ! ನಮ್ಮಜ್ಜಿ ನೋಡಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು.

ಮೊದಲ ದಿನ ಸಂಜೆ ತೋಟದ ಯಜಮಾನರು ಒಬ್ಬೊಬ್ಬರಿಗೆ ಒಂದೊಂದು ಕುದುರೆ ತೋರಿಸಿದರು. ನಮ್ಮ ಹತ್ತಿರ ಬಹಳ ಮೆತ್ತಗೆ ಮಾತಾಡುವ ಮನುಷ್ಯ. ನನಗೆ ಸಿಕ್ಕಿದ್ದು ಒಂದು ಕಂದು ಬಣ್ಣದ ಮುದಿ ಹೆಣ್ಣು ಕುದುರೆ. ಕಣ್ಣಿನ ಮೇಲೆ ಗುಳಿ ಬಿದ್ದಿತ್ತು, ಪಕ್ಕೆಲುಬು ಒಂದು ಎರಡು ಎಂದು ಎಣಿಸಬಹುದಿತ್ತು.

"ಇದು ಶಾಂತ ಇದೆ ಮೇಡಂ, ನಿಮಗೆ ಸರಿಯಾಗುತ್ತೆ. ಆದ್ರೆ ಇದಕ್ಕೆ ಇದೇ ಕೊನೇ ಕ್ಯಾಂಪ್ ಇರಬಹುದು. ಈ ನಾಲ್ಕು ದಿನ ಸುಸ್ತಾಗದೆ ನಡೆದ್ರೆ ಇಟ್ಕೊಳ್ತೀನಿ. ಇಲ್ಲಾಂದ್ರೆ ಮದುವೆ ಮೆರವಣಿಗೆಯವರು ಕೇಳ್ತಿದ್ದಾರೆ, ಕೊಟ್ಟುಬಿಡ್ತೀನಿ" ಎಂದರು, ಹಳೇ ಸ್ಕೂಟರಿನ ಮಾತು ಆಡುವ ಹಾಗೆ.

ಲಾಯ ನೋಡಿಕೊಳ್ಳುವವನು ಪಕ್ಕದಲ್ಲೇ ನಿಂತಿದ್ದ. ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಕಡೆಯವನು. ನನ್ನ ವಯಸ್ಸೇ ಇರಬೇಕು. ಯಜಮಾನರು ಆ ಮಾತು ಹೇಳಿದಾಗ ಅವನು ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟ. ಆ ಕೈಯನ್ನು ಯಜಮಾನರು ಹೋಗುವವರೆಗೂ ತೆಗೆಯಲಿಲ್ಲ. ಅವನು ಅದನ್ನು ಮುಸಲಮ್ಮ ಎಂದು ಕರೆಯುತ್ತಿದ್ದ. ತೆಲುಗಿನಲ್ಲಿ ಮುದುಕಿ ಎಂದರ್ಥ.

ಮುಸಲಮ್ಮನಿಗೆ ಅವನು ಸಂಜೆ ಹಾಕಿದ್ದೇನು ಗೊತ್ತೇ? ಒಂದಿಷ್ಟು ಒಣಹುಲ್ಲು, ಒಂದು ಬೊಗಸೆ ನೆನೆಸಿದ ಹುರುಳಿ. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಹಸುವಿನ ಪಕ್ಕೆಲುಬು ಕಂಡರೆ ಅದು ಹಸುವಿನ ಅವಮಾನ ಅಲ್ಲ, ಮನೆಯವರ ಅವಮಾನ. ಅಂಥ ಮನೆಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದಳು ಅಜ್ಜಿ, ಮೂಕ ಪ್ರಾಣಿಗೇ ಹೊಟ್ಟೆಗೆ ಹಾಕದವರು ಸೊಸೆಗೆ ಹಾಕುತ್ತಾರಾ ಅಂತ.

"ಏನಪ್ಪಾ ಇದು? ಅಷ್ಟು ದೊಡ್ಡ ಪ್ರಾಣಿಗೆ ಇದು ಯಾವ ಮೂಲೆಗೆ ಸಾಕಾಗುತ್ತೆ? ಪಕ್ಕದಲ್ಲೇ ಹಸುಗಳಿಗೆ ಬಕೆಟ್ ಬಕೆಟ್ ಬೂಸ ಸುರೀತಿದ್ದೀರ, ಇದೇನು ಪಾಪ ಮಾಡಿದೆ?"

"ವದ್ದಮ್ಮಾ, ವದ್ದು, ಬೇಡ" ಎಂದ. "ಇದರ ಹೊಟ್ಟೆ ಸೂಕ್ಷ್ಮ. ಹಲ್ಲು ಸವೆದೋಗಿದೆ. ಕೊಂಚೆಂ ಕೊಂಚೆಂ ಪೆಟ್ಟಾಲ. ಸ್ವಲ್ಪ ಸ್ವಲ್ಪವೇ ಹಾಕ್ಬೇಕಮ್ಮ."

ತೆಲುಗು ನನಗೇನೂ ಹೊಸದಲ್ಲ. ಅರ್ಥವಾಗಲಿಲ್ಲ ಎನ್ನುವ ನೆಪವೂ ನನಗಿಲ್ಲ.

"ಸ್ವಲ್ಪ ಸ್ವಲ್ಪ ಹಾಕಿ ಹಾಕಿಯೇ ಹೀಗಾಗಿರೋದು. ನಿನ್ನ ಮಕ್ಕಳಿಗೂ ಹೀಗೇ ಬೊಗಸೇಲಿ ಅಳೆದು ಹಾಕ್ತೀಯಾ?" ಎಂದುಬಿಟ್ಟೆ. ಅವನು ತಲೆ ತಗ್ಗಿಸಿ ಲಾಯ ಗುಡಿಸತೊಡಗಿದ. ನಾನು ಗೆದ್ದವಳ ಹಾಗೆ ಬಂದು ಊಟಕ್ಕೆ ಕೂತೆ.

ನಾಲ್ಕು ದಿನ ಸುಸ್ತಾಗದೆ ನಡೆಯಬೇಕೆಂದರೆ ಹೊಟ್ಟೆಗೆ ಬೀಳಬೇಕು. ಇದು ನನ್ನ ಲೆಕ್ಕ. ಎರಡನೇ ದಿನ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಹೋದೆ. ಕರೆಯುವವರು ಕರೆಯುತ್ತಿದ್ದರು, ನನ್ನನ್ನು ಯಾರೂ ಗಮನಿಸಲಿಲ್ಲ. ಚೂಡಿದಾರದ ವೇಲಿನಲ್ಲಿ ಎರಡು ಮೊರದಷ್ಟು ಬೂಸ ಕಟ್ಟಿಕೊಂಡೆ, ಮೇಲೆ ನಾಲ್ಕು ಹಿಡಿ ಕಡಲೆಕಾಯಿ ಹಿಂಡಿ. ಹಾಲು ಕೊಡುವ ಹಸುವಿಗೆ ಅಮ್ಮ ಕಲಸುತ್ತಿದ್ದ ಹಾಗೆಯೇ ನೀರು ಹಾಕಿ ಕಲಸಿ ಮುಸಲಮ್ಮನ ಮುಂದಿಟ್ಟೆ. ಅದು ತಿಂದ ರೀತಿ ನೀವು ನೋಡಬೇಕಿತ್ತು. ಬಕೆಟ್ಟಿನ ತಳ ನೆಕ್ಕಿ, ನನ್ನ ವೇಲಿಗೆ ಮೂತಿ ತುರುಕಿ, ಅಂಟಿಕೊಂಡಿದ್ದ ಪುಡಿಯನ್ನೂ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ನೋಡು, ಎಷ್ಟು ಹಸಿದಿತ್ತು ಎಂದು ಆ ಲಾಯದವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ಆವತ್ತು ಸವಾರಿ ಎಷ್ಟು ಚೆನ್ನಾಗಿತ್ತು! ಲಗಾಮು ಹಿಡಿಯುವುದು, ರಿಕಾಪಿನಲ್ಲಿ ಕಾಲಿಡುವುದು, ಬೆನ್ನು ನೆಟ್ಟಗಿಟ್ಟುಕೊಳ್ಳುವುದು. ಮುದುಕಿ ನನ್ನನ್ನು ಹೊತ್ತು ಬೇಲಿಯ ಸುತ್ತ ಹದಿನಾರು ಸುತ್ತು ನಡೆಯಿತು. ಯಜಮಾನರೂ "ಪರವಾಗಿಲ್ವೇ, ಇವತ್ತು ಗೆಲುವಾಗಿದೆ" ಎಂದರು. ನನಗೆ ಒಳಗೊಳಗೇ ಹೆಮ್ಮೆ. ಸಂಜೆ ಮತ್ತೆ ಬೂಸ ಹಾಕಿದೆ. ಮೂರನೇ ದಿನ ಬೆಳಗ್ಗೆ ದೂರದ ಸವಾರಿ ಎಂದು ಇನ್ನೂ ಒಂದು ಪಟ್ಟು ಹೆಚ್ಚಿಗೆ ಹಾಕಿದೆ.

ಹಸುಗಳ ಹಿಂದೆ ಕೆರೆಯ ಬಯಲಿಗೆ ಹೊರಟೆವು. ಅರ್ಧ ದಾರಿಯಲ್ಲಿ ಮುಸಲಮ್ಮ ನಿಂತಿತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಮುಂಗಾಲಿನಿಂದ ನೆಲ ಕೆರೆಯಿತು. ಮೈ ಬೆವತು ಜೀನಿನ ಕೆಳಗೆ ನೊರೆ ಬಂತು. ನಾನು ಇಳಿಯುವುದಕ್ಕೂ ಅದು ಮಂಡಿಯೂರಿ ಮಲಗುವುದಕ್ಕೂ ಸರಿಹೋಯಿತು. ಲಾಯದವನು ಹಿಂದಿನಿಂದ ಓಡಿ ಬಂದ. ಜೀನು ಬಿಚ್ಚಿ ಎಸೆದು, ಹಗ್ಗ ಹಿಡಿದು, "ಲೇ, ಲೇ ತಲ್ಲಿ, ಏಳು ತಾಯಿ, ಮಲಗಬೇಡಮ್ಮ" ಎಂದು ಎಬ್ಬಿಸಿದ. ಆ ಗಂಡಸಿನ ದನಿಯಲ್ಲಿ ಅಳು ಇತ್ತು.

ಮಾಲೂರಿನಿಂದ ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿದರು. ಹೊಟ್ಟೆನೋವು, ಕರುಳು ಕಟ್ಟಿದೆ, ಲದ್ದಿ ಹಾಕಿದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. "ಏನು ತಿಂದಿದೆ?" ಎಂದು ಕೇಳಿದರು.

ಯಜಮಾನರ ಮೆತ್ತಗಿನ ಮಾತು ಆಗ ಎಲ್ಲಿ ಹೋಯಿತೋ. "ಏನ್ ಹಾಕ್ದೆಯೋ? ಬಾಯಿ ಬಿಡೋ! ಕುಡಿದು ಬಿದ್ದಿದ್ಯಾ? ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದೇನಾ?" ಎಂದು ಎಲ್ಲರೆದುರು ಲಾಯದವನ ಮೇಲೆ ಎಗರಾಡಿದರು.

ಅವನು ಕುದುರೆಯ ತುಟಿಯ ಮೂಲೆಯಿಂದ ಏನನ್ನೋ ಬೆರಳಲ್ಲಿ ಒರೆಸಿ ತೆಗೆದ. ಬೂಸ. ಅದನ್ನು ನೋಡಿದ. ಆಮೇಲೆ ನನ್ನ ವೇಲನ್ನು ನೋಡಿದ. ಅದರ ತುಂಬ ಒಣಗಿದ ಬೂಸದ ಕಲೆ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ನಾನೇ ಸರಿಯಾಗಿ ನೋಡ್ಕೊಳ್ಳಿಲ್ಲ ಸಾರ್" ಎಂದ.

ಇಲ್ಲಿ ನಾನು ಸುಳ್ಳು ಬರೆಯಬಾರದು. ನಾನು ಆಗಲೇ ಬಾಯಿ ಬಿಡಲಿಲ್ಲ. ಊರಿಗೆಲ್ಲ ಜೋರು ಮಾಡುವ ನಾನು ವೇಲನ್ನು ಮುದುರಿ ಬೆನ್ನ ಹಿಂದೆ ಹಿಡಿದುಕೊಂಡೆ. ಅವನು ಇನ್ನೂ ಮೂರು ನಾಲ್ಕು ಮಾತು ಬೈಸಿಕೊಂಡ, ಅದರಲ್ಲಿ ಒಂದು ಅವನ ತಾಯಿಯ ಮೇಲಿನದು. ಅದು ಕೇಳಿದ ಮೇಲೆ ಬಾಯಿ ಬಿಟ್ಟೆ.

"ನಾನು ಹಾಕಿದ್ದು. ಬೂಸ, ಹಿಂಡಿ. ಮೂರು ಹೊತ್ತು. ಅವನು ಬೇಡ ಅಂದಿದ್ದ."

ವೈದ್ಯರು ನಿಟ್ಟುಸಿರು ಬಿಟ್ಟರು. "ಹಸು ಕಟ್ಟಿದ ಮನೆಯವರಾ ಅಮ್ಮ? ಈ ಕಡೆಯವರೆಲ್ಲ ಇದೇ ತಪ್ಪು ಮಾಡ್ತೀರ. ಹಸು ಮೆಲುಕು ಹಾಕುತ್ತೆ, ತೇಗುತ್ತೆ. ಕುದುರೆ ಮೆಲುಕೂ ಹಾಕಲ್ಲ, ವಾಂತಿನೂ ಮಾಡಲ್ಲ. ಒಳಗೆ ಹೋಗಿದ್ದು ಮುಂದಕ್ಕೇ ಹೋಗ್ಬೇಕು."

ಯಜಮಾನರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಕಾದೆ. "ಪರವಾಗಿಲ್ಲ ಬಿಡಿ ಮೇಡಂ. ಪ್ರೀತಿಯಿಂದ ಹಾಕಿದ್ದೀರ, ನಿಮಗೇನು ಗೊತ್ತು. ನೆರಳಿಗೆ ಬನ್ನಿ, ಕಾಫಿ ಕುಡೀರಿ" ಎಂದರು.

ಆ ಕಾಫಿಯ ಮಾತು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ತಪ್ಪು ಮಾಡದವನಿಗೆ ತಾಯಿ ಹಿಡಿದು ಬೈಗುಳ, ತಪ್ಪು ಮಾಡಿದವಳಿಗೆ ಕಾಫಿ! "ನನಗೆ ಕಾಫಿ ಬೇಡ. ಮೊದಲು ಅವನ ಹತ್ತಿರ ತಪ್ಪಾಯ್ತು ಅನ್ನಿ" ಎಂದೆ. ಅವರು ಕೇಳಿಸಲಿಲ್ಲವೆನ್ನುವ ಹಾಗೆ ಫೋನ್ ಕಿವಿಗಿಟ್ಟುಕೊಂಡು ಹೋದರು.

ಮಲಗಲು ಬಿಡದೆ ಕುದುರೆಯನ್ನು ನಡೆಸುತ್ತಿರಬೇಕಿತ್ತು. ಬಿಸಿಲಲ್ಲಿ ಲಾಯದವನು ನಡೆಸುತ್ತಲೇ ಇದ್ದ. ನಾನು ಪಕ್ಕದಲ್ಲಿ ಹೆಜ್ಜೆ ಹಾಕಿದೆ. "ಬೈಯಪ್ಪಾ ನನಗೆ. ಬಾಯಿಗೆ ಬಂದ ಹಾಗೆ ಬೈ. ಮಕ್ಕಳ ಮಾತೆಲ್ಲ ಎತ್ತಿದ್ದೆ ನಾನು."

ಅವನು ನಿಲ್ಲಲಿಲ್ಲ. "ಬೈಯಕ್ಕೆ ಟೈಮಿಲ್ಲಮ್ಮ. ನನ್ನ ಕಾಲು ಸೋತೋಗಿದೆ. ಹಗ್ಗ ಹಿಡ್ಕೊಳ್ಳಿ, ನಾನು ನೀರು ಕುಡಿದು ಬರ್ತೀನಿ."

ಹಗ್ಗ ಹಿಡಿದೆ. ಸರದಿಯ ಮೇಲೆ ನಡೆಸಿದೆವು, ಅವನು ಒಂದಷ್ಟು ಹೊತ್ತು, ನಾನು ಒಂದಷ್ಟು ಹೊತ್ತು. ಇಳಿಹೊತ್ತಿನಲ್ಲಿ, ಹಸುಗಳು ಕೊಟ್ಟಿಗೆಗೆ ಮರಳುವಾಗ, ಮುಸಲಮ್ಮ ಬಾಲ ಎತ್ತಿತು. ನಾಲ್ಕೇ ನಾಲ್ಕು ಉಂಡೆ ಲದ್ದಿ ಬಿತ್ತು. ಹುಟ್ಟಿದಾಗಿನಿಂದ ಸಗಣಿ ಬಾಚಿದವಳು ನಾನು, ಸಗಣಿ ಕಂಡು ಅತ್ತದ್ದು ಅದೇ ಮೊದಲು. ಅವನು ಬಗ್ಗಿ ಒಂದು ಉಂಡೆಯನ್ನು ಮುರಿದು ನೋಡಿ, "ಬದ್ಕಿತು" ಎಂದ. ನಕ್ಕ. ಆ ನಾಲ್ಕು ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಬದುಕಿತು. ಆದರೆ ತೋಟದಲ್ಲಿ ಉಳಿಯಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಯಜಮಾನರು ಮೆರವಣಿಗೆಯವರಿಗೆ ಫೋನ್ ಮಾಡಿದ್ದಾಗಿತ್ತು.

"ತಪ್ಪು ನಂದು, ಶಿಕ್ಷೆ ಅದಕ್ಕಾ?" ಎಂದು ಜಗಳಕ್ಕೇ ನಿಂತೆ. "ಎರಡನೇ ದಿನ ನೀವೇ ಗೆಲುವಾಗಿದೆ ಅಂದ್ರಲ್ಲ! ನಾನು ಕೈಯಿಡದೆ ಇದ್ದಿದ್ರೆ ನಾಲ್ಕು ದಿನಾನೂ ನಡೀತಿತ್ತು."

"ಮೇಡಂ, ಮೊದಲೇ ಹೇಳಿದ್ದೆನಲ್ಲ" ಎಂದರು, ಅದೇ ಮೆತ್ತಗಿನ ದನಿಯಲ್ಲಿ. "ಒಂದು ಸಲ ಹೀಗಾದ್ರೆ ಮತ್ತೆ ಆಗುತ್ತೆ. ಗೆಸ್ಟ್‌ಗಳನ್ನ ಕೂರಿಸಿ ರಿಸ್ಕ್ ತಗೊಳ್ಳೋಕಾಗಲ್ಲ."

ಕುದುರೆಯನ್ನು ನಾನೇ ತರುತ್ತೇನೆ ಎಂದು ಮನೆಗೆ ಫೋನ್ ಮಾಡಿದೆ. "ಬೈಕ್ ನಿಲ್ಲಿಸೋಕೆ ಜಾಗ ಇಲ್ಲದ ಮನೇಲಿ ಕುದುರೆ ಎಲ್ಲಿ ಕಟ್ತೀಯೇ?" ಎಂದರು ನಮ್ಮನೆಯವರು. ಕೋಲಾರದ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ಅವರಿಗೂ ಬೈದು ಫೋನ್ ಇಟ್ಟೆ. ಹೊರಡುವಾಗ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ನನ್ನದರಲ್ಲಿ ನಾನು ಮುಸಲಮ್ಮನ ಮೇಲೆ ಕೂತು ಹಲ್ಲು ಕಿರಿಯುತ್ತಿರುವ ಫೋಟೋ ಇದೆ. ಲಾಯದ ಕಡೆ ಹೋದೆ. ಮೆರವಣಿಗೆಯವರು ಆಗಲೇ ಮುಸಲಮ್ಮನನ್ನು ಕರೆದುಕೊಂಡು ಹೋಗಿದ್ದರು. ಅವನು ಅದರ ಖಾಲಿ ಕಟ್ಟೆಯನ್ನು ತೊಳೆಯುತ್ತಿದ್ದ. ನಾನು ಬಂದದ್ದು ಗೊತ್ತಾದರೂ ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂಬ ಗಾದೆ ಎಷ್ಟು ಸಲ ಕೇಳಿಲ್ಲ ನಾನು? ಆವತ್ತು ಬ್ಯಾಗು ಎತ್ತಿಕೊಂಡು ಬಸ್ಸು ಹತ್ತಿದೆ.

ಐದಾರು ತಿಂಗಳ ಮೇಲೆ ಶ್ರೀನಿವಾಸಪುರದಲ್ಲಿ ನನ್ನ ಜೊತೆ ಕೆಲಸ ಮಾಡುವವರ ಮಗಳ ಮದುವೆ. ಸಂಜೆ ಐದರ ಬಿಸಿಲಿನಲ್ಲೇ ಗಂಡಿನ ಮೆರವಣಿಗೆ ಬಂತು. ಮುಂದೆ ಬ್ಯಾಂಡ್ ಸೆಟ್, ಹುಡುಗರ ಕುಣಿತ, ಹಿಂದೆ ಕನ್ನಡಿ ಚೂರು ಹೊಲಿದ ಕೆಂಪು ಬಟ್ಟೆ ಹೊದ್ದ ಕುದುರೆಯ ಮೇಲೆ ಮದುಮಗ. ತಲೆಗೆ ಕುಚ್ಚು ಕಟ್ಟಿದ್ದರೂ ಆ ಕಣ್ಣಿನ ಮೇಲಿನ ಗುಳಿ ನನಗೆ ಗೊತ್ತಾಯಿತು. ಯಾರೋ ಅದರ ಕಾಲ ಬುಡದಲ್ಲೇ ಪಟಾಕಿ ಸರ ಹಚ್ಚಿದ. ಅದು ನಡುಗಿದ್ದು ಕನ್ನಡಿ ಚೂರುಗಳಲ್ಲೇ ಕಂಡಿತು. ನಾನು ರೇಷ್ಮೆ ಸೀರೆಯಲ್ಲೇ ನುಗ್ಗಿ ಹೋದೆ.

"ಏನ್ಲಾ, ಕಣ್ಣು ಕಾಣಲ್ವಾ? ನಿನ್ನ ಕಾಲ ಕೆಳಗೆ ಹಚ್ಚಿದ್ರೆ ಹೆಂಗಿರುತ್ತೆ?" ಎಂದು ಕಿರುಚಿದೆ. ಬ್ಯಾಂಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇಬ್ಬರು ಹುಡುಗರು ನಾನೂ ಕುಣಿಯಲು ಬಂದೆನೆಂದು ಜಾಗ ಬಿಟ್ಟು ಶಿಳ್ಳೆ ಹೊಡೆದರು.

ಆದರೆ ನನ್ನ ದನಿ ಒಬ್ಬಳಿಗೆ ಕೇಳಿಸಿತ್ತು. ಮುಸಲಮ್ಮ ಕಿವಿ ನಿಮಿರಿಸಿ ಕತ್ತು ತಿರುಗಿಸಿತು. ಮದುಮಗನನ್ನು ಹೊತ್ತೇ ಎರಡು ಹೆಜ್ಜೆ ನನ್ನ ಕಡೆ ಬಂತು. ನಾನು ಅದನ್ನು ಕಷ್ಟಕ್ಕೆ ಹಾಕಿದವಳು, ಅದರ ಜಾಗ ಕಳೆದವಳು. ನನ್ನನ್ನು ಕಂಡು ಮುಖ ತಿರುಗಿಸಿದ್ದರೆ, ಒದ್ದಿದ್ದರೂ, ನನಗೆ ಸಮಾಧಾನವಾಗುತ್ತಿತ್ತೇನೋ. ಅದು ಮೂತಿ ತಂದು ನನ್ನ ಸೀರೆಯ ಸೆರಗಿಗೆ ತುರುಕಿ, ಬೂಸ ಹುಡುಕಿತು.