ಶುಕ್ ಶುಕ್ ಅನ್ನಬೇಡಿ

ನನ್ನ ಅಕ್ಕನ ಬೆಕ್ಕು ಓಡಿಹೋಗಲಿಲ್ಲ. ನಾನೇ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಹತ್ತಿರದ ಹಳ್ಳಿ ಶೇಗಾಂವದ ಒಬ್ಬ ಹೆಂಗಸಿಗೆ ಕೊಟ್ಟುಬಂದೆ. ಕಿಟಕಿ ತೆರೆದಿತ್ತು, ಹೋಗಿಬಿಟ್ಟಿತು ಎಂದು ಐದು ವರ್ಷ ಅಕ್ಕನಿಗೆ ಸುಳ್ಳು ಹೇಳಿದೆ.

ಇದು ತಪ್ಪಿನ ಸಣ್ಣ ಭಾಗ. ಕೊಟ್ಟದ್ದರಿಂದ ಬೆಕ್ಕಿಗೆ ಒಳ್ಳೆಯದೇ ಆಯಿತು — ಅದನ್ನು ಕಣ್ಣಾರೆ ಕಂಡಿದ್ದೇನೆ. ದೊಡ್ಡ ಭಾಗ ಇದಕ್ಕಿಂತ ಎರಡು ವರ್ಷ ಹಿಂದಿನದು, ಒಂದೇ ಒಂದು ಸಾಲಿನದು. ಒಬ್ಬರು ನನಗೆ ಒಂದು ಮಾತು ಹೇಳಿದ್ದರು. ಅದನ್ನು ನಾನು ಅಕ್ಕನಿಗೆ ದಾಟಿಸಲಿಲ್ಲ.

ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಜತ್ತದಲ್ಲಿ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಜನ ಕನ್ನಡದಲ್ಲಿ ತಮ್ಮ ಗೋಳು ಹೇಳುತ್ತಾರೆ, ನಾನು ಅದನ್ನು ಮರಾಠಿಯಲ್ಲಿ ಅರ್ಜಿ ಮಾಡುತ್ತೇನೆ. ದಿನವಿಡೀ ಅತ್ತ ಮಾತನ್ನು ಇತ್ತ ಸಾಗಿಸುವುದೇ ನನ್ನ ಕಸುಬು. ಇದನ್ನು ಏಕೆ ಹೇಳುತ್ತಿದ್ದೇನೆ ಎಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಅಕ್ಕ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತಳಾದವಳು. ಮದುವೆಯಾಗಿ ಎರಡನೆಯ ವರ್ಷವೇ ಗಂಡನ ಮನೆಯಿಂದ ಬಂದುಬಿಟ್ಟಳು. ಯಾಕೆಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾನು ಮದುವೆಯಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಅವಳ ನಿವೃತ್ತಿಯ ವರ್ಷ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಒಬ್ಬ ಕಾರಕೂನರಿಗೆ ಬದಲಿಯಾಯಿತು. ಮರಾಠಿ ಮನೆ. ಅವರ ಬೆಕ್ಕನ್ನು ಒಯ್ಯುವಂತಿರಲಿಲ್ಲ. ನಾಲ್ಕು ವರ್ಷದ ಹೆಣ್ಣು, ಬೂದಿ ಬಣ್ಣ, ಎಡಗಿವಿ ಸೀಳಿದೆ. ಹೆಸರು ಮನಿ — ಮರಾಠಿಯವರು ಬೆಕ್ಕಿಗಿಡುವ ಹೆಸರು, ನಮ್ಮ ಆಡುಮಾತಿನಲ್ಲಿ ಮನೆ. ಅಕ್ಕನಿಗೆ ಆ ಹೆಸರೇ ಹಿಡಿಸಿಬಿಟ್ಟಿತು. “ನೋಡೋ ತಮ್ಮಾ, ಮನಿಗೆ ಮನಿ ಬಂತು,” ಎಂದು ನಾಲ್ಕು ದಿನ ಅದೇ ನಗೆ.

ಬೆಕ್ಕನ್ನು ತರಲು ಹೋದವನು ನಾನು. ಸಾಮಾನಿನ ಟ್ರಕ್ಕು ಬಾಗಿಲಲ್ಲಿ ನಿಂತಿತ್ತು. ಕಾರಕೂನರ ಹೆಂಡತಿ ಬುಟ್ಟಿಯನ್ನು ನನ್ನ ಕೈಗಿಡುತ್ತ ಹೇಳಿದರು: “ಭಾಊ, ತಿಲಾ ಶುಕ್ ಶುಕ್ ಮ್ಹಣೂ ನಕಾ. ಪಳೂನ ಜಾತೆ.” ಅದಕ್ಕೆ ಶುಕ್ ಶುಕ್ ಅನ್ನಬೇಡಿ, ಓಡಿಹೋಗುತ್ತದೆ.

ಅಡುಗೆಮನೆಯಿಂದ ಬೆಕ್ಕನ್ನು ಓಡಿಸಲು ಅವರ ಮನೆಯಲ್ಲಿ ಹಾಗೆ ಅನ್ನುತ್ತಿದ್ದರು. ಮರಾಠಿಯವರು ಬಹಳ ಮಂದಿ ಹಾಗೇ ಅನ್ನುತ್ತಾರೆ. ಆದರೆ ನಮ್ಮ ಅವ್ವ — ಅವಳ ತವರು ಬೆಳುಂಕಿಯ ಕಡೆ — ಹಾಲು ಹಾಕಿ ಬೆಕ್ಕನ್ನು ಕರೆಯುತ್ತಿದ್ದದ್ದೇ “ಶುಕ್ ಶುಕ್” ಎಂದು. ಅವಳ ಬಾಯಲ್ಲಿ ಅದು ‘ಬಾ’. ಅಕ್ಕ ಅವ್ವನಿಂದ ಕಲಿತಿದ್ದಳು. ಅಕ್ಕನಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಆದರೆ ಅದು ಶಾಲೆಯ, ಕಚೇರಿಯ, ಸಂತೆಯ ಮರಾಠಿ. ನಮ್ಮ ಕಡೆ ಮನುಷ್ಯರು ಎರಡೂ ಭಾಷೆ ಆಡುತ್ತಾರೆ. ಬೆಕ್ಕಿನ ಜೊತೆ ಮಾತ್ರ ಯಾರೂ ಎರಡು ಭಾಷೆ ಆಡುವುದಿಲ್ಲ.

ಈಗ ಆ ಗಳಿಗೆ. ಇದನ್ನು ನಾನು ಮೂರು ಸಲ ಬರೆದಿದ್ದೇನೆ, ಎರಡು ಸಲ ಹೊಡೆದುಹಾಕಿದ್ದೇನೆ.

ಮೊದಲ ಸಲ ಬರೆದದ್ದು: ಟ್ರಕ್ಕಿನ ಸದ್ದಿನಲ್ಲಿ ಆ ಮಾತು ನನಗೆ ಕೇಳಿಸಲೇ ಇಲ್ಲ. ಸುಳ್ಳು. ಕೇಳಿಸದಿದ್ದರೆ ಇವತ್ತು ಅಕ್ಷರ ಬಿಡದೆ ಹೇಗೆ ಬರೆದೆ? ಎರಡನೆಯ ಸಲ: ಕೇಳಿಸಿತು, ಮರೆತೆ. ಇದು ಸ್ವಲ್ಪ ಗೌರವಸ್ಥ ಸುಳ್ಳು. ಬಹಳ ದಿನ ಇದನ್ನೇ ನಂಬಿದ್ದೆ. ಮೂರನೆಯದು — ಬುಟ್ಟಿಯ ಮುಚ್ಚಳ ತೆಗೆದೆ. ಅಕ್ಕ ನೆಲದ ಮೇಲೆ ಕುಳಿತು, ಬಟ್ಟಲು ಮುಂದಿಟ್ಟು, “ಶುಕ್ ಶುಕ್, ಬಾ ನನ್ನವ್ವಾ” ಅಂದಳು. ಮನಿ ಬಾಣ ಬಿಟ್ಟಂತೆ ಅಟ್ಟ ಹತ್ತಿತು. ಅಕ್ಕನ ಮುಖ ನೋಡಿ ನನಗೆ ನಗು ಬಂತು. ನಕ್ಕೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಇನ್ನೂ ಒಂದು ಸಲ ನೋಡೋಣ, ಎಷ್ಟು ಮಜಾ —

ಇದೇ ನಿಜ ಎಂದು ಆಣೆ ಮಾಡಲಾರೆ. ಆದರೆ ಮೂರರಲ್ಲಿ ನನಗೆ ನಾಚಿಕೆ ತರಿಸುವುದು ಇದೊಂದೇ. ಅದಕ್ಕೇ ಇದನ್ನು ಉಳಿಸಿಕೊಂಡಿದ್ದೇನೆ.

ನಾಳೆ ಹೇಳಲಿಲ್ಲ. ವಾರ ಕಳೆಯಿತು. ವಾರದ ಮೇಲೆ ಹೇಳಿದರೆ ‘ಇಷ್ಟು ದಿನ ಯಾಕ ಸುಮ್ಮನಿದ್ದಿ’ ಎಂಬ ಪ್ರಶ್ನೆ ಬರುತ್ತದೆ. ತಿಂಗಳ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ. ದಿನ ಹೋದಂತೆ ಆ ಚಿಕ್ಕ ಮಾತಿನ ತೂಕ ಏರುತ್ತ ಹೋಯಿತು. ಎತ್ತಲು ನನ್ನ ಕೈಯಿಂದ ಆಗಲಿಲ್ಲ.

ಅಕ್ಕ ಮಾತ್ರ ದಿನಕ್ಕೆರಡು ಸಲ ಅಟ್ಟದ ಕೆಳಗೆ ನಿಂತು ಶುಕ್ ಶುಕ್ ಎನ್ನುತ್ತಿದ್ದಳು. ಬೆಕ್ಕು ಇನ್ನೂ ಒಳಕ್ಕೆ ಸರಿಯುತ್ತಿತ್ತು. ಅವಳು ಹೊರಟುಹೋದ ಮೇಲೆ ಇಳಿದು ಹಾಲು ಕುಡಿಯುತ್ತಿತ್ತು. ಒಮ್ಮೆ ಎತ್ತಿಕೊಳ್ಳಲು ಹೋದಾಗ ಮೊಳಕೈತನಕ ಗೀರಿತು. ಕೈಯ ವಾಸನೆ ಆಗದೇನೋ ಎಂದು ಸಾಬೂನು ಬದಲಿಸಿದಳು. ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಳು. ಒಂದು ದಿನ ಬಳೆ ತೆಗೆದಿಟ್ಟಳು, ಸಪ್ಪಳಕ್ಕೆ ಹೆದರುತ್ತದೆ ಎಂದು. ಗಂಡ ಎಲ್ಲೋ ಬದುಕಿರುವ ಹೆಂಗಸು ಬರಿಗೈಯಲ್ಲಿ ಬಾಗಿಲಿಗೆ ಬಂದರೆ ಓಣಿಯವರು ಏನು ಕೇಳುತ್ತಾರೆ? ಕೇಳಿದರು. “ಬೆಕ್ಕಿನ ಸಲುವಾಗಿರಿ,” ಎಂದಳು ಅಕ್ಕ. ಅವರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಜಗಲಿಯಲ್ಲೇ ಕುಳಿತಿದ್ದೆ. ಪೇಪರು ಓದುತ್ತಿದ್ದೆ. ಅಥವಾ ಓದುವವನ ಹಾಗೆ —

ಲಳಾ ಎಂದೊಂದು ಮಾತಿದೆ ನಮ್ಮೂರಲ್ಲಿ. ಮರಾಠಿಯದು, ಕನ್ನಡದವರೂ ಅನ್ನುತ್ತಾರೆ. ಕೂಸೋ ಕರುವೋ ಒಬ್ಬರನ್ನು ಹಚ್ಚಿಕೊಂಡರೆ ಅದಕ್ಕೆ ಅವರ ಲಳಾ ಹತ್ತಿತು ಎಂದರ್ಥ. ಎರಡು ವರ್ಷವಾದ ಮೇಲೆ ಒಂದು ಸಂಜೆ ಅಕ್ಕ ಖಾಲಿ ಬಟ್ಟಲು ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: “ನನ್ನ ಲಳಾ ಯಾರಿಗೂ ಹತ್ತೂದಿಲ್ಲ ಬಿಡು. ಮನಶ್ಯಾರಿಗೇ ಹತ್ತಲಿಲ್ಲ, ಬೆಕ್ಕಿಗೆ ಏನ ಹತ್ತತದ.”

ಆಗಲಾದರೂ ಹೇಳಬಹುದಿತ್ತು. ನಾನು ಮಾಡಿದ್ದು ಬೇರೆ. ಆ ಮಾತನ್ನು ಮತ್ತೆ ಕೇಳುವ ಧೈರ್ಯ ನನಗಿರಲಿಲ್ಲ. ಬೆಕ್ಕು ಮನೆಯಲ್ಲಿ ಇರುವತನಕ ಅದನ್ನು ಕೇಳುತ್ತಿರಲೇಬೇಕು. ಅಂದರೆ ಬೆಕ್ಕು ಹೋಗಬೇಕು. ಅಕ್ಕನ ದುಃಖ ನೋಡಲಾಗದೆ ಕೊಟ್ಟೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ಕಳ್ಳನಾದವನು ಸಾಕ್ಷಿಯನ್ನು ಊರು ಬಿಡಿಸುವುದು ಹೀಗೆಯೇ.

ಹೌಸಾಬಾಯಿ ಒಂದು ದಾಖಲೆಯ ಅರ್ಜಿ ಬರೆಸಲು ಅಂಗಡಿಗೆ ಬಂದಿದ್ದಳು. ಶೇಗಾಂವದ ಕುರಿಗಾರರ ಮನೆಯವಳು. ಇಲಿ ಜೋಳದ ಚೀಲವನ್ನೆಲ್ಲ ತೂತು ಮಾಡಿವೆ ಎಂದಳು. ನನ್ನ ಹತ್ತಿರ ಒಂದು ಬೆಕ್ಕಿದೆ ಎಂದೆ. ಅಕ್ಕ ಯಾರದೋ ಮನೆಯ ಬಸುರಿಯ ಕುಬಸಕ್ಕೆ ಹೋದ ದಿನ ಅಟ್ಟ ಹತ್ತಿ ಮನಿಯನ್ನು ಚೀಲಕ್ಕೆ ಹಾಕಿದೆ. ಬೆಕ್ಕಿಗೆ ದಾರಿ ಮರೆಯಲೆಂದು ಕೂಡುದಾರಿ ಬಂದಲ್ಲೆಲ್ಲ ಚೀಲವನ್ನು ಮೂರು ಸುತ್ತು ತಿರುಗಿಸಬೇಕು ಎನ್ನುತ್ತಾರೆ. ಗಾಡಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ಚೀಲದೊಳಗಿನಿಂದ ಒಂದು ಸದ್ದೂ ಬರಲಿಲ್ಲ.

ಬೆಕ್ಕನ್ನು ಪುಕ್ಕಟೆ ಒಯ್ಯಬಾರದು ಎಂದು ಹೌಸಾಬಾಯಿ ಒಂದು ಸೇರು ಶೇಂಗಾ ಕೊಟ್ಟಳು. ಬೇಡ ಎಂದರೂ ಬಿಡಲಿಲ್ಲ. ಮರುದಿನ ಅಕ್ಕ ಆ ಶೇಂಗಾವನ್ನೇ ಹುರಿದು ಕುಟ್ಟಿದಳು. “ಭಾಳ ರುಚಿ ಅದಾವಲ್ಲೋ. ಎಲ್ಲಿಂದ ತಂದಿ?” ಎಂದಳು. ಅಂಗಡಿಗೆ ಬಂದವರು ಕೊಟ್ಟರು ಎಂದೆ. ಅದು ನಿಜವೇ ಆಗಿತ್ತು. ಎಂಟು ದಿನ ನಾವಿಬ್ಬರೂ ರೊಟ್ಟಿಗೆ ಆ ಚಟ್ನಿ ಹಚ್ಚಿಕೊಂಡು ತಿಂದೆವು. ನಡುನಡುವೆ ಅಕ್ಕ ಎದ್ದುಹೋಗಿ ಕಿಟಕಿಯಲ್ಲಿ ನಿಂತು ಹಿತ್ತಲಿಗೆ ಶುಕ್ ಶುಕ್ ಎಂದು ಕರೆದುಬರುತ್ತಿದ್ದಳು.

ಐದು ವರ್ಷ. ಕಿಟಕಿಗೆ ಅವಳು ಅಗುಳಿ ಹಾಕಲಿಲ್ಲ. ಬಳೆ ಮತ್ತೆ ತೊಟ್ಟುಕೊಂಡಳು, ಅದೂ ಓಣಿಯವರ ಕಾಟಕ್ಕೆ.

ಕಳೆದ ತಿಂಗಳು ಹಿಂದಿನ ಓಣಿಯ ನರ್ಸಬಾಯಿ ಬಂದರು. ಅವರಿಗೂ ಬದಲಿ. ಅವರದೊಂದು ಗಂಡು ಬೆಕ್ಕು, ಆರು ವರ್ಷದ್ದು. “ಟೀಚರಬಾಯಿ, ನೀವರ ಇಟಗೋರಿ. ಅದು ನನ್ನ ಹಂತೇಕನೂ ಬರೂದಿಲ್ಲ, ಸದಾ ಗ್ವಾಡಿಗೆ ಮಾರಿ ಮಾಡಿ ಕುಂದರತದ. ನನಗೂ ಅದಕ್ಕೂ ಸೊಸಿ-ಅತ್ತಿ ಇದ್ದಂಗ,” ಎಂದರು. ಅಕ್ಕ ನಗಲಿಲ್ಲ. “ಬ್ಯಾಡ್ರಿ ಬಾಯಿ. ನಿಮ್ಮ ಕಡೆ ಗ್ವಾಡಿಗೆ ಮಾರಿ ಮಾಡತದ, ನನ್ನ ಕಡೆ ಬಂದ್ರ ಊರ ಬಿಟ್ಟು ಹೋಗತದ. ನನ್ನ ಗುಣಾನೇ ಅಂಥಾದು,” ಎಂದಳು. ಚಹಾ ತರಲು ಎದ್ದುಹೋದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ — ತನ್ನ ಎತ್ತರವನ್ನೋ ಬಣ್ಣವನ್ನೋ ಹೇಳಿದಂತೆ.

ಮರುದಿನ ನಾನು ಶೇಗಾಂವಕ್ಕೆ ಹೋದೆ. ಮನಿ ಸತ್ತಿರಲಿ ಎಂದು ದಾರಿಯುದ್ದಕ್ಕೂ ಆಸೆಪಟ್ಟೆ. ಇದನ್ನೂ ಬರೆಯಬೇಕು. ಸತ್ತಿದ್ದರೆ ಹೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಅದು ಹೌಸಾಬಾಯಿಯ ಮಡಿಲಲ್ಲಿತ್ತು. ಹಲ್ಲು ಎರಡು ಉದುರಿವೆ, ಮೈ ತುಂಬಿದೆ. ಅವಳು ಉಣ್ಣೆ ಬಿಡಿಸುತ್ತ ಕುಳಿತಿದ್ದಳು. ಬೆಕ್ಕು ನನ್ನನ್ನು ಕಂಡು ಎದ್ದು ಜೋಳದ ಕಣಕಿಯ ಬಣಿವೆಯ ಹಿಂದೆ ಹೋಯಿತು. “ಯೇ ಗ, ಯೇ,” ಎಂದಳು ಹೌಸಾಬಾಯಿ, ತಲೆ ಎತ್ತದೆಯೇ; ಬಾರೇ, ಬಾ ಎಂದರ್ಥ. ತಿರುಗಿ ಬಂದು ಮತ್ತೆ ಮಡಿಲಿಗೇರಿತು. ಅಷ್ಟೇ. ಅಷ್ಟೇ ಸಾಕಿತ್ತು ಅದಕ್ಕೆ.

ಮನೆಗೆ ಬಂದಾಗ ಮಧ್ಯಾಹ್ನ. ಅಕ್ಕ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹಸನು ಮಾಡುತ್ತಿದ್ದಳು.

“ಅಕ್ಕಾ, ಮನಿ ಓಡಿಹೋಗಿರಲಿಲ್ಲ.”

“ಯಾವ ಮನಿ? ಮನಿ ಎಲ್ಲಿ ಓಡತದ?”

“ನಮ್ಮ ಬೆಕ್ಕು. ನಾನ ಕೊಟ್ಟುಬಂದಿದ್ದೆ. ಶೇಗಾಂವದಾಗ ಅದ. ಈಗ ನೋಡಿಬಂದೆ. ಚಲೋ ಅದ.”

ಅವಳ ಬೆರಳು ಬೇಳೆಯಲ್ಲಿ ನಿಂತವು. ನಾನು ನಿಲ್ಲಲಿಲ್ಲ. ನಿಂತರೆ ಉಳಿದದ್ದು ಇನ್ನೆಂದೂ ಬರುವುದಿಲ್ಲ ಎಂದು ಗೊತ್ತಿತ್ತು. ಬುಟ್ಟಿ, ಟ್ರಕ್ಕು, ಕಾರಕೂನರ ಹೆಂಡತಿಯ ಮಾತು, ನನ್ನ ನಗು, ಚೀಲ, ಹೌಸಾಬಾಯಿ, ಶೇಂಗಾ ಎಲ್ಲ ಹೇಳಿದೆ. ಅಕ್ಕನ ಮುಖ ನೋಡುತ್ತಿರುವಾಗಲೇ ನನಗೆ ಹಗುರೆನಿಸಿತು. ಇದಕ್ಕಿಂತ ಸ್ವಾರ್ಥದ ಹಗುರ ಬೇರೆ ಇಲ್ಲ, ಗೊತ್ತು. ಆದರೂ ಹಗುರೇ.

ಅವಳು ಕೇಳಿದ್ದು ನಾನು ಎಣಿಸಿದ ಪ್ರಶ್ನೆಯಲ್ಲ.

“ಅಕಿ ಏನಂತ ಕರೀತಾಳ?”

“ಯೇ ಗ ಯೇ, ಅಂತಾಳ.”

“ಅಂದ್ರ ನಾ ಎರಡ ವರ್ಷ, ಮುಂಜಾನೆ ಸಂಜೀಕ, ಅದಕ ಹೋಗು ಹೋಗು ಅಂದೆ.”

“ಹೂಂ.”

“ಅದು ಹೋಗತಿತ್ತು.”

“ಹೂಂ.”

ಅಕ್ಕನ ತುಟಿ ಅದುರಿತು. ಅಳುತ್ತಾಳೆ ಅಂದುಕೊಂಡೆ. ನಕ್ಕಳು. ಮೊರದ ಬೇಳೆ ಚೆಲ್ಲುವ ಹಾಗೆ ನಕ್ಕಳು. “ಅಂದ್ರ ಅದು ನನ್ನ ಮಾತ ಕೇಳತಿತ್ತಲ್ಲೋ! ಹೋಗಂದ್ರ ಹೋಗತಿತ್ತು. ಮೂವತ್ತ ವರ್ಷ ಸಾಲ್ಯಾಗ ಒಂದ ಹುಡುಗನೂ ನನ್ನ ಮಾತ ಹಂಗ ಕೇಳಿಲ್ಲ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನಗು ನಿಂತಿತು, ಧ್ವನಿ ಕೆಳಗಿಳಿಯಿತು. “ನಕ್ಕೀನಂತ ಮಾಫ ಮಾಡೀನಂತ ತಿಳಕೋಬ್ಯಾಡ. ಐದ ವರ್ಷ ನಾ ಈ ಕೈಯಾಗ ಏನ ಕೆಟ್ಟ ಅದ ಅಂತ ನೋಡಕೋತ ಕುಂತೀನಿ. ನೀ ಎದರೀಗೇ ಕುಂತಿದ್ದಿ.”

ಆ ಬೆಕ್ಕು ಹೇಗೆ ಕರೆದಿದ್ದರೂ ಬರುತ್ತಿರಲಿಲ್ಲವೇನೋ. ಕೆಲವು ಬೆಕ್ಕುಗಳೇ ಹಾಗಂತೆ, ಒಂದು ಮನೆಗೆ ಒಗ್ಗದ್ದು ಇನ್ನೊಂದು ಮನೆಗೆ ಒಗ್ಗುತ್ತದಂತೆ. ಈ ಮಾತು ನನಗೆ ಬಹಳ ಅನುಕೂಲದ್ದು. ಆದ್ದರಿಂದ ಅದನ್ನು ನಂಬುವ ಹಕ್ಕು ನನಗಿಲ್ಲ.

ಮನಿಯನ್ನು ಮರಳಿ ತರೋಣವೇ ಎಂದು ಕೇಳಿದ್ದಕ್ಕೆ, “ಕುಂತ ಮಡಿಲಿಂದ ಎಬ್ಬಸಬಾರದು,” ಎಂದಳು. ಮರುವಾರ ತಾನೇ ನರ್ಸಬಾಯಿಯ ಮನೆಗೆ ಹೇಳಿಕಳಿಸಿದಳು. ಬೆಕ್ಕನ್ನು ತರಲು ಹೋದವನು ಈ ಸಲವೂ ನಾನೇ; ಅವಳೇ ನನ್ನನ್ನು ಕಳಿಸಿದಳು, ಬೇಕೆಂದೇ. ಏನಂತ ಕರೆಯುತ್ತೀರಿ, ಏನಂತ ಓಡಿಸುತ್ತೀರಿ, ಯಾವ ಸದ್ದಿಗೆ ಹೆದರುತ್ತದೆ, ಎಲ್ಲಿ ಮಲಗುತ್ತದೆ ಎಂದು ಒಂದು ತಾಸು ಕುಳಿತು ಕೇಳಿ ಹಾಳೆಯ ಮೇಲೆ ಬರೆದುಕೊಂಡೆ. “ಪೋರಿ ಲಗ್ನಕ್ಕೂ ಇಷ್ಟ ವಿಚಾರಣಿ ಮಾಡೂದಿಲ್ಲರಿ,” ಎಂದರು ನರ್ಸಬಾಯಿ. ಮನೆಗೆ ಬಂದು, ಬುಟ್ಟಿಯ ಮುಚ್ಚಳ ತೆಗೆಯುವ ಮೊದಲು, ಇಡೀ ಹಾಳೆಯನ್ನು ಓದಿ ಹೇಳಿದೆ. ಅಕ್ಕ ಎರಡು ಸಲ ಓದಿಸಿದಳು.

ಗಂಡು ಬೆಕ್ಕು ಬಂದು ಮೂರು ವಾರವಾಯಿತು. ಅಕ್ಕ ಮಲಗುವ ಹೊರಸಿನ ಕೆಳಗೇ ಇದೆ. ಗೋಡೆಗೇ ಮುಖ. ಬಾಲ ಮಾತ್ರ ಈಗ ಹೊರಗೆ ಕಾಣುತ್ತದೆ. ಅಕ್ಕ ಅವಸರ ಮಾಡುತ್ತಿಲ್ಲ. ಬಳೆಯನ್ನೂ ತೆಗೆದಿಲ್ಲ.

ನನ್ನ ಜೊತೆ ಬೇಕಾದಷ್ಟೇ ಮಾತು. ಆದರೆ ಮೊನ್ನೆ ಮುಂಜಾನೆ ಚಹಾಕ್ಕೆಂದು ನಾನು ಅಡುಗೆಮನೆಯ ಬಾಗಿಲಿಗೆ ಬಂದಾಗ, ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಅವಳು ತಿರುಗದೆಯೇ, “ಶುಕ್ ಶುಕ್,” ಎಂದಳು.

ಅವ್ವನ ಶುಕ್ ಶುಕ್ಕೋ, ಕಾರಕೂನರ ಹೆಂಡತಿಯ ಶುಕ್ ಶುಕ್ಕೋ, ತಿಳಿಯಲಿಲ್ಲ. ಕೇಳಲೂ ಇಲ್ಲ. ಆವತ್ತಿನಿಂದ ದಿನಾ ಅನ್ನುತ್ತಾಳೆ. ನಾನು ಒಳಗೂ ಹೋಗದೆ, ಹೊರಗೂ ಹೋಗದೆ, ಹೊಸ್ತಿಲಲ್ಲಿ ನಿಲ್ಲುತ್ತೇನೆ. ಚಹಾ ಅಲ್ಲಿಗೇ ಬರುತ್ತದೆ.